ಗಂಟಲಲ್ಲಿ ಬೀಸಣಿಗೆ ಬಿಚ್ಚುವ ಓತಿಕ್ಯಾತ ವಿಷಕಾರಿಯೇ? ಅದಕ್ಕೆ ದಖ್ಖನ್ ಹೆಸರಿಟ್ಟ ಡಾಕ್ಟರ್ ಯಾರು?

ಗಂಟಲ ಕೆಳಗಿನ ನೀಲಿ, ಕಪ್ಪು, ಕಿತ್ತಳೆ ಬಣ್ಣದ ಚರ್ಮ ಬಿಚ್ಚಿ ತಲೆಯಾಡಿಸುವ ಪುಟ್ಟ ಓತಿಕ್ಯಾತದ ವಿಡಿಯೋ ನಿಮ್ಮ ಮೊಬೈಲ್‌ಗೂ ಬಂದಿರಬಹುದು. ಅದು ವಿಷಕಾರಿ, ಕಚ್ಚಿದರೆ ಬದುಕುವುದಿಲ್ಲ ಎಂಬ ಮಾತು ಸುಳ್ಳು. ಕಚ್ಚಿ ಮನುಷ್ಯರ ಪ್ರಾಣ ತೆಗೆಯುವ ಓತಿಯಾಗಲಿ, ಹಲ್ಲಿಯಾಗಲಿ ಭಾರತದಲ್ಲಿಲ್ಲ. ಇದು ತಿನ್ನುವುದು ಇರುವೆ, ಗೆದ್ದಲಿನಂಥ ಹುಳುಗಳನ್ನು. ಬಣ್ಣ ಬಿಚ್ಚುವುದು ಗಂಡು ಮಾತ್ರ, ಅದೂ ಹೆಣ್ಣನ್ನು ಕರೆಯಲು, ಇನ್ನೊಂದು ಗಂಡನ್ನು ದೂರವಿಡಲು. ಈ ಸುಳ್ಳು ನಂಬಿ ಕಲ್ಲೆತ್ತುವವರಿದ್ದಾರೆ, ಅದಕ್ಕೇ ಈ ಬರಹ.

ಈ ಜೀವಿಯನ್ನು 1870ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವರು ಥಾಮಸ್ ಕೇವರ್‌ಹಿಲ್ ಜೆರ್ಡನ್. 1811ರಲ್ಲಿ ಇಂಗ್ಲೆಂಡಿನ ಡರಮ್ ಸೀಮೆಯಲ್ಲಿ ಹುಟ್ಟಿ, ಎಡಿನ್‌ಬರೋದಲ್ಲಿ ಓದಿ, ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸರ್ಜನ್ ಆಗಿ ಮದ್ರಾಸಿಗೆ ಬಂದರು. ಕುದುರೆ ಪಡೆಯ ಡಾಕ್ಟರಾಗಿ ಕೆಲವು ವರ್ಷ ದಖ್ಖನ್‌ನಲ್ಲಿ, ಜಾಲ್ನಾ ಕಡೆ ಕಳೆದರು. ಆಗ ಜಾಲ್ನಾ, ನಮ್ಮ ಬೀದರ್ ಎರಡೂ ನಿಜಾಮರ ರಾಜ್ಯದಲ್ಲಿದ್ದವು.

ಅವರಿಗೆ ಮೊದಲ ಹುಚ್ಚು ಹಕ್ಕಿಗಳದು. ಸಂಗ್ರಹಿಸಿದ ಹಕ್ಕಿಗಳ ಒಂದು ಜೊತೆಯನ್ನು ಹೆಸರು ಪತ್ತೆ ಮಾಡಿಸಲು ಸ್ಕಾಟ್ಲೆಂಡಿನ ವಿಲಿಯಂ ಜಾರ್ಡಿನ್ ಅವರಿಗೆ ಕಳಿಸಿದರೆ, ಅದು ತಲುಪುವಷ್ಟರಲ್ಲಿ ಹುಳು ತಿಂದು ಹಾಳಾಗಿತ್ತು. ಇನ್ನೊಬ್ಬರಾದರೆ ಅಲ್ಲಿಗೇ ಬಿಡುತ್ತಿದ್ದರು. ಜೆರ್ಡನ್ ತಾವೇ ನೋಡಿ, ಹೋಲಿಸಿ ಪಟ್ಟಿ ಮಾಡಿ ಮದ್ರಾಸಿನ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. 1847ರ ಹೊತ್ತಿಗೆ 50 ಚಿತ್ರಗಳ ಪುಸ್ತಕ ಪೂರ್ತಿಯಾಯಿತು. 1862ರಿಂದ 1864ರವರೆಗೆ ಬಂದ ಅವರ ‘ಬರ್ಡ್ಸ್ ಆಫ್ ಇಂಡಿಯಾ’ದಲ್ಲಿ ಸಾವಿರಕ್ಕೂ ಹೆಚ್ಚು ಹಕ್ಕಿಗಳ ವಿವರವಿದೆ. 1867ರಲ್ಲಿ ಸಸ್ತನಿಗಳ ಪುಸ್ತಕ. ಹಾವು, ಓತಿ, ಮೀನುಗಳ ಬಗ್ಗೆಯೂ ಬರೆಯುವ ಯೋಜನೆಯಿತ್ತು, ಮುಗಿಯಲಿಲ್ಲ. 1872ರ ಜೂನ್ 12ರಂದು ಲಂಡನ್ ಬಳಿ ತೀರಿಕೊಂಡರು.

ಅವರು ಇಟ್ಟ ಹೆಸರು ಸಿಟಾನಾ ಡೆಕ್ಕನೆನ್ಸಿಸ್. ಆದರೆ ಮುಂದೆ ಬಹುಕಾಲ ಬೀಸಣಿಗೆ ಓತಿಗಳನ್ನೆಲ್ಲ ಒಂದೇ ಎಂಬಂತೆ ನೋಡುವವರೇ ಹೆಚ್ಚಾದರು. 2016ರಲ್ಲಿ ವಿ. ದೀಪಕ್, ಪ್ರವೀಣ್ ಕಾರಂತ, ವರದ್ ಗಿರಿ ಮತ್ತು ಸಂಗಡಿಗರು ಅಂಗರಚನೆ, ಡಿಎನ್‌ಎ ಎರಡನ್ನೂ ಪರೀಕ್ಷಿಸಿ ಜೆರ್ಡನ್ ಅವರ ಓತಿಯನ್ನು ಹೊಸ ಕುಲಕ್ಕೆ ಸೇರಿಸಿದರು. ಆ ಕುಲದ ಹೆಸರು ಸರಡಾ. ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಅರ್ಥ ಹೇಳಬೇಕಿಲ್ಲ, ಓತಿಗೆ ಮರಾಠಿಯಲ್ಲಿ ಅನ್ನುವ ಮಾತೇ ಅದು.

ಇವು ನಿಜವಾದ ಮರುಭೂಮಿಯವಲ್ಲ. ಕುರುಚಲು, ಕಲ್ಲು, ಒಣ ಹುಲ್ಲಿನ ಬಯಲು ಬೇಕು. ಪಾಳು ಬಿದ್ದ ಜಾಗ ಎಂದು ನಾವು ಬರೆದುಬಿಡುತ್ತೇವಲ್ಲ, ಅಂಥದ್ದೇ. ಹಳ್ಳಿಖೇಡ (ಬಿ) ಸುತ್ತಿನ ಹೊಲದ ಬದುವಿನಲ್ಲಿ ಓತಿಕ್ಯಾತ ಕಂಡರೆ ದೂರದಿಂದಲೇ ಮೊಬೈಲ್ ಜೂಮ್ ಮಾಡಿ ಫೋಟೋ ತೆಗೆದು ಹಿಂಗಾಲಿನ ಬೆರಳು ಎಣಿಸಿ. ನಾಲ್ಕೇ ಇದ್ದರೆ ಬೀಸಣಿಗೆ ಓತಿ, ಐದಿದ್ದರೆ ಬೇರೆ.