ಕರಿಬೇವಿನ ಹೆಸರಿನಲ್ಲಿ ಉಳಿದ ಡಾಕ್ಟರ್

ಕಳೆದ ಮಳೆಗಾಲದಲ್ಲಿ ನವಲಗುಂದದ ನಮ್ಮ ಅಂಗಡಿಯ ಉದ್ರಿ ಪುಸ್ತಕವನ್ನು ಗೆದ್ದಲು ತಿಂದವು. ಅದನ್ನು ನೆಲದ ಮೇಲೆ ಇಟ್ಟವನು ನಾನೇ. ಸಿಟ್ಟಿನಿಂದ ಹಿತ್ತಲಿನ ಹುತ್ತವನ್ನು ಒಡೆದೆ. ದೊಡ್ಡ ತಲೆಯ, ಇಕ್ಕಳದಂಥ ದವಡೆಯ ಸೈನಿಕ ಗೆದ್ದಲುಗಳು ಮುಂದೆ ಬಂದು ಬೆರಳು ಕಚ್ಚಿದವು. ಅವುಗಳ ಹಿಂದೆ ಕೆಲಸಗಾರ ಗೆದ್ದಲುಗಳು ಹಸಿ ಮಣ್ಣು ತಂದು ತೂತು ಮುಚ್ಚತೊಡಗಿದವು. ನಮ್ಮ ದೇಶದ ಗೆದ್ದಲಿನ ಬಗ್ಗೆ ಮೊದಲು ಶಾಸ್ತ್ರೀಯವಾಗಿ ಬರೆದವರು ಯಾರೆಂದು ಹುಡುಕಿದೆ. ಆಗ ಸಿಕ್ಕ ಹೆಸರು ಯೋಹಾನ್ ಗೆರ್ಹಾರ್ಡ್ ಕೋನಿಗ್.

ಕೋನಿಗ್ ಅವರು 1728ರಲ್ಲಿ ಯುರೋಪಿನ ಲಿವೋನಿಯಾದಲ್ಲಿ ಹುಟ್ಟಿದರು. ಜೀವಿಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಅವರ ಗುರುಗಳು. 1768ರಲ್ಲಿ ಡೇನಿಷರ ವೈದ್ಯರಾಗಿ ತಮಿಳುನಾಡಿನ ತರಂಗಂಬಾಡಿಗೆ ಬಂದರು. ಗಿಡ, ಹುಳು ಹುಡುಕಿ ಅಲೆಯಲು ಆ ಸಂಬಳ ಸಾಲಲಿಲ್ಲ. ಆದ್ದರಿಂದ ಆರ್ಕಾಟಿನ ನವಾಬ ಮುಹಮ್ಮದ್ ಅಲಿ ಅವರ ಬಳಿ ಕೆಲಸಕ್ಕೆ ಸೇರಿದರು. 1778ರಲ್ಲಿ ಈಸ್ಟ್ ಇಂಡಿಯಾ ಕಂಪನಿಗೆ ಹೋದರು. ಮರುವರ್ಷ, 1779ರಲ್ಲಿ, ಗೆದ್ದಲಿನ ಕುರಿತ ಅವರ ಲೇಖನ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು.

ಅಂದಿನಿಂದ ಗೆದ್ದಲಿನ ಬಗ್ಗೆ ಬಹಳ ತಿಳಿದಿದೆ. ಸೈನಿಕ, ಕೆಲಸಗಾರ ಎಂಬ ಗುಂಪುಗಳನ್ನು ಇಂಗ್ಲಿಷ್ ಪುಸ್ತಕಗಳು ಜಾತಿ ಎಂದೇ ಕರೆಯುತ್ತವೆ. ಆದರೆ ಸಾಮಾನ್ಯವಾಗಿ ಒಂದು ಹುತ್ತದಲ್ಲಿರುವ ಎಲ್ಲವೂ ಒಂದೇ ರಾಜ, ರಾಣಿಯ ಮಕ್ಕಳು. ಸೈನಿಕನ ದವಡೆ ಇರುವೆಯಂಥ ಶತ್ರುವನ್ನು ಕತ್ತರಿಸಲು ಆಗುತ್ತದೆ, ಆಹಾರ ಅಗಿಯಲು ಆಗುವುದಿಲ್ಲ. ಕೆಲಸಗಾರ ಗೆದ್ದಲು ಬಾಯಿಗೆ ಉಣಿಸದಿದ್ದರೆ ಅದು ಉಪವಾಸ ಸಾಯುತ್ತದೆ.

ಇದನ್ನು ಓದಿದಾಗ ನನಗೆ ಅಮ್ಮಿ ನೆನಪಾದರು. ಅಂಗಡಿಯ ಮುಂದೆ ನಿಂತು ಗಿರಾಕಿಗಳೊಂದಿಗೆ ವ್ಯವಹರಿಸುವವರು ಅಬ್ಬಾ. ಊರಿಗೆಲ್ಲ ಅವರೇ ಗೊತ್ತು. ಆದರೆ ಪುಸ್ತಕ ಹೋದ ದಿನ ಯಾರದು ಎಷ್ಟು ಬಾಕಿ ಎಂದು ಒಳಗಿನಿಂದ ಒಂದೊಂದಾಗಿ ಹೇಳಿ ಬರೆಸಿದವರು ಅಮ್ಮಿ. ಕಾಮರ್ಸ್ ಓದುವ ನನಗೆ ಅದುವರೆಗೂ ಅವರ ಲೆಕ್ಕ ಕಂಡಿರಲಿಲ್ಲ.

ಕೋನಿಗ್ ತಮ್ಮ ಊರಿಗೆ ಮರಳಲಿಲ್ಲ. ತಮ್ಮ ಬರಹಗಳನ್ನು ಲಂಡನ್ನಿನ ಜೋಸೆಫ್ ಬ್ಯಾಂಕ್ಸ್ ಅವರಿಗೆ ಬಿಟ್ಟು, 1785ರ ಜೂನ್ 26ರಂದು ಕಾಕಿನಾಡದ ಬಳಿ ತೀರಿಕೊಂಡರು. ಆದರೆ ಕರಿಬೇವಿನ ಶಾಸ್ತ್ರೀಯ ಹೆಸರಿನಲ್ಲಿ ಬರುವ ಕೋನಿಗೀ ಎಂಬ ಪದ ಅವರದೇ ನೆನಪು. ಲಿನೇಯಸ್ ಅದನ್ನು 1771ರಲ್ಲಿ ಇಟ್ಟರು.

ಉದ್ರಿ ಪುಸ್ತಕ ಈಗ ಕಪಾಟಿನ ಮೇಲಿನ ಅರೆಯಲ್ಲಿದೆ. ಹುತ್ತವನ್ನು ನಾನು ಮತ್ತೆ ಮುಟ್ಟಿಲ್ಲ.