ಗೊರಿಲ್ಲಾಗಳನ್ನು ಉಳಿಸಿದವರು ಯಾರು?

ವನ್ಯಪ್ರಾಣಿ ಮತ್ತು ಮನುಷ್ಯನ ನಂಟನ್ನು ಚಿತ್ರಿಸುವ ಸಾಕ್ಷ್ಯಚಿತ್ರಗಳಿಗೆ ಇಂದು ಜಗತ್ತಿನಾದ್ಯಂತ ದೊಡ್ಡ ಪ್ರೇಕ್ಷಕವರ್ಗವಿದೆ. ನಮ್ಮ ಬಂಡೀಪುರಕ್ಕೆ ಹೊಂದಿಕೊಂಡಿರುವ ಮುದುಮಲೆಯ ಆನೆ ಶಿಬಿರದಲ್ಲಿ ಚಿತ್ರೀಕರಿಸಿದ ‘ದಿ ಎಲಿಫೆಂಟ್ ವಿಸ್ಪರರ್ಸ್’ 2023ರಲ್ಲಿ ಆಸ್ಕರ್ ಪಡೆದಾಗ ಅನಾಥ ಆನೆಮರಿಗಳನ್ನು ಸಾಕಿದ ಬೊಮ್ಮನ್ ಮತ್ತು ಬೆಳ್ಳಿ ದಂಪತಿಯ ಹೆಸರು ಮನೆಮಾತಾಯಿತು. ಇಂಥ ಚಿತ್ರಗಳನ್ನು ನೋಡಿ ಎದ್ದಾಗ ಪ್ರೀತಿಯೊಂದಿದ್ದರೆ ಕಾಡು ತಾನಾಗಿಯೇ ಉಳಿದೀತು ಎಂಬ ಭಾವನೆ ನಮ್ಮಲ್ಲಿ ಮೂಡುತ್ತದೆ. ಈ ಭಾವನೆ ಎಷ್ಟರಮಟ್ಟಿಗೆ ನಿಜ? ಈ ಪ್ರಶ್ನೆಗೆ ಉತ್ತರ ಬೇಕಾದವರು ಇಂಥ ಚಿತ್ರಗಳ ಪರಂಪರೆಯ ಮೊದಲ ಸಾಲಿನಲ್ಲಿ ನಿಲ್ಲುವ ಡಯಾನ್ ಫಾಸಿಯವರ ಬದುಕನ್ನು ಒಮ್ಮೆ ಪರಿಶೀಲಿಸಬೇಕು. ಅವರು ಕೊಲೆಯಾಗಿ ನಾಲ್ಕು ದಶಕಗಳು ಕಳೆದಿವೆ. ಅವರು ಎತ್ತಿದ ಪ್ರಶ್ನೆಗಳು ಇನ್ನೂ ಜೀವಂತವಾಗಿವೆ.

ಫಾಸಿ 1932ರ ಜನವರಿ 16ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಜನಿಸಿದರು. ಅವರು ಚಿಕ್ಕವರಿದ್ದಾಗಲೇ ತಂದೆತಾಯಿ ಬೇರೆಯಾದರು. ಮಲತಂದೆಯ ಮನೆಯಲ್ಲಿ ಶಿಸ್ತಿತ್ತು, ಅಕ್ಕರೆ ಇರಲಿಲ್ಲ. ಪಶುವೈದ್ಯೆಯಾಗುವ ಆಸೆಯಿಂದ ಕಾಲೇಜು ಸೇರಿದರೂ ಭೌತಶಾಸ್ತ್ರ, ರಸಾಯನಶಾಸ್ತ್ರಗಳು ಕೈಗೆ ಹತ್ತಲಿಲ್ಲ. ಕೊನೆಗೆ 1954ರಲ್ಲಿ ಆಕ್ಯುಪೇಷನಲ್ ಥೆರಪಿಯಲ್ಲಿ ಪದವಿ ಪಡೆದು ಕೆಂಟಕಿ ರಾಜ್ಯದ ಲೂಯಿವಿಲ್ ನಗರದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಅಂಗವಿಕಲ ಮಕ್ಕಳ ಸೇವೆಗೆ ನಿಂತರು. ಮಾತಿಗೆ ಸಿಗದ, ಸುಲಭವಾಗಿ ಯಾರನ್ನೂ ನಂಬದ ಮಕ್ಕಳ ಬಳಿ ತಾಳ್ಮೆಯಿಂದ ಕುಳಿತುಕೊಳ್ಳುವುದನ್ನು ಅವರು ಅಲ್ಲಿ ಕಲಿತರು. ಮುಂದೆ ಬೆಟ್ಟದ ಮೇಲೆ ಅವರಿಗೆ ನೆರವಾದದ್ದು ವಿಶ್ವವಿದ್ಯಾಲಯದ ಪಾಠಕ್ಕಿಂತ ಹೆಚ್ಚಾಗಿ ಈ ಅಭ್ಯಾಸವೇ.

1963ರಲ್ಲಿ ಅವರು ಸಾಲ ಮಾಡಿ ಆಫ್ರಿಕಾ ಪ್ರವಾಸ ಕೈಗೊಂಡರು. ಟಾಂಜಾನಿಯಾದ ಓಲ್ಡುವಾಯಿ ಕಣಿವೆಯಲ್ಲಿ ಮಾನವನ ಮೂಲವನ್ನು ಅರಸುತ್ತಿದ್ದ ಲೂಯಿ ಲೀಕಿಯವರನ್ನು ಕಂಡರು. ಕಾಂಗೊದ ಮಿಕೆನೊ ಬೆಟ್ಟದ ಇಳಿಜಾರಿನಲ್ಲಿ ಪರ್ವತ ಗೊರಿಲ್ಲಾಗಳನ್ನು ಮೊದಲ ಬಾರಿಗೆ ನೋಡಿದರು. ಮೂರು ವರ್ಷಗಳ ನಂತರ ಉಪನ್ಯಾಸಕ್ಕೆಂದು ಲೂಯಿವಿಲ್‌ಗೆ ಬಂದ ಲೀಕಿ, ಗೊರಿಲ್ಲಾಗಳ ದೀರ್ಘಕಾಲದ ಅಧ್ಯಯನಕ್ಕೆ ಅವರನ್ನೇ ಆರಿಸಿದರು. ಬೆಟ್ಟದ ಮೇಲೆ ವೈದ್ಯರು ಸಿಗಲಾರರಾದ್ದರಿಂದ ಮುಂಚಿತವಾಗಿ ಅಪೆಂಡಿಕ್ಸ್ ತೆಗೆಸಿಕೊಳ್ಳುವಂತೆ ಲೀಕಿ ಸೂಚಿಸಿದರು. ಫಾಸಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೇ ಬಿಟ್ಟರು. ಅದು ತಮ್ಮ ಛಲವನ್ನು ಅಳೆಯುವ ಪರೀಕ್ಷೆ ಮಾತ್ರವಾಗಿತ್ತೆಂಬುದು ಆನಂತರ ಬಂದ ಪತ್ರದಿಂದ ಅವರಿಗೆ ತಿಳಿಯಿತು. ಇದೇ ಲೀಕಿಯವರು ಚಿಂಪಾಂಜಿಗಳ ಅಧ್ಯಯನಕ್ಕೆ ಪ್ರೋತ್ಸಾಹಿಸಿದ ಜೇನ್ ಗುಡಾಲ್ 2025ರ ಅಕ್ಟೋಬರ್‌ನಲ್ಲಿ 91ನೇ ವಯಸ್ಸಿನಲ್ಲಿ, ಲೋಕದ ಗೌರವ ಪಡೆದು ನಿಧನರಾದರು. ಫಾಸಿಯವರ ಹಾದಿ ಬೇರೆಯಾಗಿತ್ತು.

1967ರ ಆರಂಭದಲ್ಲಿ ಕಾಂಗೊದಲ್ಲಿ ಕೆಲಸ ಶುರುವಾಯಿತು. ಆರು ತಿಂಗಳಲ್ಲೇ ದೇಶದ ಅಂತರ್ಯುದ್ಧ ಅವರನ್ನು ಬೆಟ್ಟದಿಂದ ಇಳಿಸಿತು. ಸೈನಿಕರ ಬಂಧನದಿಂದ ತಪ್ಪಿಸಿಕೊಂಡು ಉಗಾಂಡಕ್ಕೆ ಬಂದ ಅವರು ಅದೇ ವರ್ಷದ ಸೆಪ್ಟೆಂಬರ್ 24ರಂದು ಗಡಿಯ ಈಚೆ, ರುವಾಂಡಾದ ಜ್ವಾಲಾಮುಖಿ ರಾಷ್ಟ್ರೀಯ ಉದ್ಯಾನದಲ್ಲಿ ಸುಮಾರು 3,000 ಮೀಟರ್ ಎತ್ತರದಲ್ಲಿ ಎರಡು ಗುಡಾರಗಳನ್ನು ಹೂಡಿದರು. ಕರಿಸಿಂಬಿ ಮತ್ತು ವಿಸೋಕೆ ಎಂಬ ಎರಡು ಬೆಟ್ಟಗಳ ಹೆಸರನ್ನು ಕೂಡಿಸಿ ಆ ನೆಲೆಗೆ ಕರಿಸೋಕೆ ಎಂದು ಹೆಸರಿಟ್ಟರು. ವರ್ಷದ ಬಹುಪಾಲು ಮಳೆ, ಮಂಜು, ಕೆಸರು ಮತ್ತು ತುರಿಕೆ ಗಿಡಗಳ ನಡುವಿನ ಆ ತಾಣವೇ ಮುಂದಿನ ಹದಿನೆಂಟು ವರ್ಷ ಅವರ ಮನೆಯಾಯಿತು.

ಆ ಕಾಲದಲ್ಲಿ ಸಿನಿಮಾಗಳ ಕೃಪೆಯಿಂದ ಗೊರಿಲ್ಲಾ ಎಂದರೆ ಎದೆ ಬಡಿದುಕೊಳ್ಳುವ ರಾಕ್ಷಸ ಎಂಬ ಕಲ್ಪನೆಯಿತ್ತು. ಫಾಸಿ ಅವುಗಳಂತೆಯೇ ನೆಲಕ್ಕೆ ಬಗ್ಗಿ ನಡೆದರು, ಅವು ತಿನ್ನುವ ಕಾಡುಸೊಪ್ಪನ್ನು ಜಗಿದರು, ತೃಪ್ತಿಯಿಂದ ಅವು ಹೊರಡಿಸುವ ತೇಗಿನಂಥ ಸದ್ದನ್ನು ಅನುಕರಿಸಿದರು. ಮೂಗಿನ ಮೇಲಿನ ಗೆರೆಗಳಿಂದ ಒಂದೊಂದನ್ನೂ ಗುರುತಿಸಿ ಹೆಸರಿಟ್ಟರು. ಬಾಬ್ ಕ್ಯಾಂಪ್‌ಬೆಲ್ ತೆಗೆದ ಅವರ ಚಿತ್ರ 1970ರ ಜನವರಿಯಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆಯ ಮುಖಪುಟದಲ್ಲಿ ಪ್ರಕಟವಾಯಿತು. ಅದೇ ವರ್ಷ ಪೀನಟ್ಸ್ ಎಂಬ ಗಂಡು ಗೊರಿಲ್ಲಾ ತಾನಾಗಿ ಮುಂದೆ ಬಂದು ಅವರ ಕೈಯನ್ನು ಮುಟ್ಟಿತು. ಮುಂದೆ ಕೇಂಬ್ರಿಜ್ ವಿಶ್ವವಿದ್ಯಾಲಯ ಅವರಿಗೆ ಡಾಕ್ಟರೇಟ್ ನೀಡಿತು. ಮಂದೆಯ ಹಿರಿಯ ಗಂಡು ಮರಿಗಳನ್ನು ರಕ್ಷಿಸುವ ಬಗೆ, ಹೆಣ್ಣುಗಳು ಮಂದೆಯಿಂದ ಮಂದೆಗೆ ಹೋಗುವ ರೀತಿ, ಹೊಸ ಗಂಡು ಮರಿಗಳನ್ನು ಕೊಲ್ಲುವ ಕ್ರೌರ್ಯ ಇವೆಲ್ಲ ದಾಖಲಾದವು.

ಅವರು ಅತ್ಯಂತ ಹಚ್ಚಿಕೊಂಡಿದ್ದ ಗೊರಿಲ್ಲಾ ಡಿಜಿಟ್. ಬೆರಳೊಂದು ಊನವಾಗಿದ್ದರಿಂದ ಆ ಹೆಸರು. 1977ರ ಡಿಸೆಂಬರ್ 31ರಂದು ಬೇಟೆಗಾರರು ಮತ್ತು ಅವರ ನಾಯಿಗಳು ಎರಗಿದಾಗ ಮಂದೆಯ ಉಳಿದವು ಪಾರಾಗುವವರೆಗೆ ಎದುರು ನಿಂತ ಡಿಜಿಟ್ ಈಟಿಯ ಇರಿತಗಳಿಗೆ ಬಲಿಯಾಯಿತು. ಅದರ ತಲೆ ಮತ್ತು ಕೈಗಳನ್ನು ಕತ್ತರಿಸಿ ಒಯ್ಯಲಾಗಿತ್ತು. ಅಮೆರಿಕದ ಟೆಲಿವಿಷನ್ ವಾರ್ತೆಯಲ್ಲಿ ಆ ಸಾವು ಪ್ರಸಾರವಾಯಿತು. ಬಿಬಿಸಿಯ ‘ಲೈಫ್ ಆನ್ ಅರ್ತ್’ ಸರಣಿಗಾಗಿ ಡೇವಿಡ್ ಅಟೆನ್‌ಬರೊ ಗೊರಿಲ್ಲಾಗಳ ನಡುವೆ ಕುಳಿತ ಪ್ರಸಿದ್ಧ ದೃಶ್ಯ ಚಿತ್ರಿತವಾದದ್ದು ಈ ಘಟನೆಯ ಬೆನ್ನಲ್ಲೇ, ಫಾಸಿ ಪಳಗಿಸಿದ ಮಂದೆಯೊಂದರಲ್ಲಿ. 1979ರಲ್ಲಿ ಅದನ್ನು ಕಂಡು ಬೆರಗಾದ ವೀಕ್ಷಕರಲ್ಲಿ ಅದರ ಹಿಂದಿನ ರಕ್ತದ ಕಲೆಯನ್ನು ಬಲ್ಲವರು ವಿರಳ.

ಡಿಜಿಟ್‌ನ ಸಾವಿನ ನಂತರ ವಿಜ್ಞಾನಿ ಹಿಂದೆ ಸರಿದು ಯೋಧೆ ಮುಂದೆ ಬಂದರು. ಡಿಜಿಟ್ ನಿಧಿಯನ್ನು ಸ್ಥಾಪಿಸಿದ ಫಾಸಿ, ಸ್ವಂತ ಕಾವಲು ಪಡೆಯಿಂದ ಉರುಳುಗಳನ್ನು ಕೀಳಿಸಿದರು. ಅದು ಸರಿಯಾದ ಕೆಲಸವೇ. ಜಿಂಕೆ ಜಾತಿಯ ಪ್ರಾಣಿಗಳಿಗೆಂದು ಒಡ್ಡಿದ ಆ ಉರುಳುಗಳಿಗೆ ಸಿಕ್ಕ ಗೊರಿಲ್ಲಾಗಳು ಕೈಕಾಲು ಕೊಳೆತು ಸಾಯುತ್ತಿದ್ದವು. ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಹಿಡಿದ ಬೇಟೆಗಾರರನ್ನು ಹಿಂಸಿಸಿದರು, ಅವರ ವಸ್ತುಗಳನ್ನು ಸುಟ್ಟರು, ಮುಖವಾಡ ಧರಿಸಿ ಮಾಟಗಾತಿಯಂತೆ ಹೆದರಿಸಿದರು. ಬೇಟೆಗಾರನೊಬ್ಬನ ಮಗುವನ್ನು ಕೆಲಕಾಲ ಒತ್ತೆಯಾಗಿ ಇರಿಸಿಕೊಂಡದ್ದೂ ಉಂಟು. ಮೇಯಲು ಬಂದ ದನಗಳ ಮೇಲೂ ಅವರ ಸಿಟ್ಟು ತಿರುಗಿತು. ಅಧಿಕಾರಿಗಳೊಂದಿಗೆ, ಸಹ ಸಂಶೋಧಕರೊಂದಿಗೆ, ದಾನಿ ಸಂಸ್ಥೆಗಳೊಂದಿಗೆ ಜಗಳವಾಡಿದರು.

ಬೆಟ್ಟದ ಬುಡದಲ್ಲಿದ್ದವರ ಸ್ಥಿತಿಯನ್ನು ಗಮನಿಸದೆ ಈ ಬದುಕನ್ನು ತೂಗಲಾಗದು. ರುವಾಂಡಾ ಆಫ್ರಿಕಾದ ಅತ್ಯಂತ ಜನನಿಬಿಡ ದೇಶಗಳಲ್ಲಿ ಒಂದು. ಫಾಸಿ ಅಲ್ಲಿಗೆ ಬಂದ ಹೊಸದರಲ್ಲೇ, ಯುರೋಪಿನ ಹಣಸಹಾಯದಿಂದ, ಉದ್ಯಾನದ ಸುಮಾರು 10,000 ಹೆಕ್ಟೇರ್ ಕಾಡನ್ನು ಕಡಿದು ಪೈರೆಥ್ರಮ್ ಬೆಳೆಗೆ ಒದಗಿಸಲಾಯಿತು. ಕೀಟನಾಶಕ ತಯಾರಿಕೆಗೆ ಬೇಕಾಗುವ, ಸೇವಂತಿಗೆ ಜಾತಿಯ ಈ ಹೂವು ರಫ್ತಿನ ಸರಕು. ಯಾವ ಬೇಟೆಗಾರನ ಈಟಿಯೂ ಮಾಡಲಾಗದಷ್ಟು ಹಾನಿಯನ್ನು ಈ ಒಂದು ಅಭಿವೃದ್ಧಿ ಯೋಜನೆ ಮಾಡಿತು. ಮತ್ತೊಂದೆಡೆ, ಬೇಟೆಗಾರರೆನಿಸಿಕೊಂಡವರಲ್ಲಿ ಹೆಚ್ಚಿನವರು ತಲೆತಲಾಂತರದಿಂದ ಕಾಡನ್ನೇ ನಂಬಿದ್ದ ಬಟ್ವಾ ಜನ. ಅವರ ಪಾಲಿನ ಕಾಡು ಉದ್ಯಾನವಾದಾಗ ಅವರನ್ನು ಯಾರೂ ಕೇಳಲಿಲ್ಲ. ಕಡತದಲ್ಲಿ ಸಹಿ ಹಾಕಿದವನು ಫಾಸಿಯವರ ಕೈಗೆ ಸಿಗಲಿಲ್ಲ, ಉರುಳು ಒಡ್ಡಿದವನು ಸಿಕ್ಕಿದ.

ಕಾಡಂಚಿನ ತಾಲ್ಲೂಕೊಂದರಲ್ಲಿ ಸೇವೆ ಸಲ್ಲಿಸುತ್ತಿದ್ದಾಗ ಆನೆ ತುಳಿದ ರಾಗಿ ಹೊಲಗಳ ಪರಿಹಾರದ ಅರ್ಜಿಗಳು ನನ್ನ ಮೇಜಿಗೂ ಬರುತ್ತಿದ್ದವು. ಸಂರಕ್ಷಣೆಯ ಲಾಭ ಇಡೀ ಲೋಕಕ್ಕೆ ಹಂಚಿಹೋಗುತ್ತದೆ, ವೆಚ್ಚ ಮಾತ್ರ ಕಾಡಂಚಿನ ಕೆಲವೇ ಮನೆಗಳ ಮೇಲೆ ಬೀಳುತ್ತದೆ ಎಂಬ ಅರ್ಥಶಾಸ್ತ್ರದ ಪಾಠ ನನಗೆ ನಿಜವಾಗಿ ಅರ್ಥವಾದದ್ದು ಆ ಅರ್ಜಿಗಳನ್ನು ಓದಿದಾಗಲೇ.

1979ರಲ್ಲಿ ರುವಾಂಡಾ ಸರ್ಕಾರದ ಮುಂದೆ ಉದ್ಯಾನದ ಇನ್ನಷ್ಟು ಭಾಗವನ್ನು ದನಗಳ ಸಾಕಣೆಗೆ ಬಿಡುವ ಪ್ರಸ್ತಾವವಿತ್ತು. ಕರಿಸೋಕೆಗೆ ಸಂಶೋಧನೆಗೆಂದು ಬಂದಿದ್ದ ಏಮಿ ವೆಡ್ಡರ್ ಮತ್ತು ಬಿಲ್ ವೆಬರ್ ದಂಪತಿ, ಜೀವಂತ ಗೊರಿಲ್ಲಾಗಳಿಂದಲೇ ಆದಾಯ ಬರುವಂತೆ ಮಾಡಬೇಕೆಂದು ವಾದಿಸಿದರು. ನಿಯಂತ್ರಿತ ಪ್ರವಾಸೋದ್ಯಮ, ಕಾವಲು ಪಡೆಯ ಬಲವರ್ಧನೆ ಮತ್ತು ಶಾಲಾ ಮಕ್ಕಳಿಗೆ ತಿಳಿವಳಿಕೆ, ಈ ಮೂರನ್ನು ಒಳಗೊಂಡ ಪರ್ವತ ಗೊರಿಲ್ಲಾ ಯೋಜನೆ ಆರಂಭವಾಯಿತು. ಫಾಸಿ ಅದನ್ನು ಉಗ್ರವಾಗಿ ವಿರೋಧಿಸಿದರು. ಪ್ರವಾಸಿಗರಿಂದ ರೋಗ ಹರಡುತ್ತದೆ, ಮನುಷ್ಯರ ಬಗೆಗಿನ ಭಯ ಕಳೆದುಕೊಂಡ ಪ್ರಾಣಿ ಬೇಟೆಗಾರನಿಗೂ ಸುಲಭದ ತುತ್ತಾಗುತ್ತದೆ ಎಂಬುದು ಅವರ ಆತಂಕ. ಇದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಇಂದು ಪ್ರತಿ ಮಂದೆಯ ಬಳಿ ದಿನಕ್ಕೆ ಒಂದೇ ಗಂಟೆ, ಅದೂ ದೂರದಿಂದ ಎಂಬ ನಿಯಮ ಇರುವುದು ಈ ಅಪಾಯವನ್ನು ಒಪ್ಪಿಕೊಂಡೇ.

1980ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ತೆರಳಿದ ಫಾಸಿ ‘ಗೊರಿಲ್ಲಾಸ್ ಇನ್ ದ ಮಿಸ್ಟ್’ ಗ್ರಂಥವನ್ನು ಬರೆದರು. 1983ರಲ್ಲಿ ಅದು ಪ್ರಕಟವಾಯಿತು. ಎಂಫಿಸೀಮಾದಿಂದ ಉಸಿರಾಟ ಕಷ್ಟವಾಗಿದ್ದರೂ ಮತ್ತೆ ಬೆಟ್ಟ ಹತ್ತಿದರು. 1985ರ ಡಿಸೆಂಬರ್ 26ರ ರಾತ್ರಿ ಅವರ ಮನೆಗೆ ನುಗ್ಗಿದವರು ಮಚ್ಚಿನಿಂದ ಅವರನ್ನು ಕೊಂದರು. ಆಗ ಅವರಿಗೆ 53 ವರ್ಷ. ಅಮೆರಿಕದ ಸಂಶೋಧನಾ ವಿದ್ಯಾರ್ಥಿಯೊಬ್ಬರಿಗೆ ಅವರ ಗೈರುಹಾಜರಿಯಲ್ಲೇ ಶಿಕ್ಷೆ ವಿಧಿಸಲಾಯಿತು. ಆರೋಪಕ್ಕೆ ಗುರಿಯಾದ ಸ್ಥಳೀಯ ನೌಕರನೊಬ್ಬ ಸೆರೆಯಲ್ಲೇ ಸತ್ತ. ನಿಜವಾದ ಹಂತಕರು ಯಾರೆಂಬ ಸಂಶಯ ಇಂದಿಗೂ ಬಗೆಹರಿದಿಲ್ಲ. ಕರಿಸೋಕೆಯಲ್ಲಿ ತಾವೇ ಮಾಡಿದ್ದ ಗೊರಿಲ್ಲಾಗಳ ರುದ್ರಭೂಮಿಯಲ್ಲಿ, ಡಿಜಿಟ್‌ನ ಪಕ್ಕದಲ್ಲಿ ಅವರನ್ನು ಮಣ್ಣು ಮಾಡಲಾಯಿತು. 1988ರಲ್ಲಿ ಸಿಗೋರ್ನಿ ವೀವರ್ ನಟಿಸಿದ ಚಲನಚಿತ್ರ ಅವರ ಹೆಸರನ್ನು ಮನೆಮನೆಗೆ ಮುಟ್ಟಿಸಿತು.

ಈಗ ಲೆಕ್ಕವನ್ನು ನೋಡೋಣ. 1960ರ ವೇಳೆಗೆ ಜಾರ್ಜ್ ಶಾಲರ್ ಅಂದಾಜಿಸಿದಂತೆ ವಿರುಂಗಾ ಬೆಟ್ಟಸಾಲಿನಲ್ಲಿ ಸುಮಾರು 450 ಗೊರಿಲ್ಲಾಗಳಿದ್ದವು. 1981ರಲ್ಲಿ ಅವು ಸುಮಾರು 250ಕ್ಕೆ ಇಳಿದಿದ್ದವು. 2015–16ರ ಗಣತಿಯಲ್ಲಿ 604 ಕಂಡುಬಂದವು. ಉಗಾಂಡದ ಬ್ವಿಂಡಿ ಕಾಡಿನವನ್ನೂ ಸೇರಿಸಿದರೆ ಒಟ್ಟು ಸಂಖ್ಯೆ ಸಾವಿರವನ್ನು ದಾಟಿದೆ. 2018ರಲ್ಲಿ ಅವುಗಳನ್ನು ಅಳಿವಿನ ಅಂಚಿನ ಅತ್ಯಂತ ಗಂಭೀರ ಪಟ್ಟಿಯಿಂದ ಒಂದು ಮೆಟ್ಟಿಲು ಮೇಲಕ್ಕೆ ತರಲಾಯಿತು. 1994ರ ನರಮೇಧವನ್ನೂ ಆನಂತರದ ಯುದ್ಧಗಳನ್ನೂ ದಾಟಿ ಈ ಏರಿಕೆ ಸಾಧ್ಯವಾದದ್ದು ಸಣ್ಣ ಮಾತಲ್ಲ.

ಇದರ ಶ್ರೇಯಸ್ಸು ಯಾರಿಗೆ? ರುವಾಂಡಾ 2017ರಲ್ಲಿ ಒಂದು ಭೇಟಿಯ ಪರವಾನಗಿ ಶುಲ್ಕವನ್ನು 1,500 ಡಾಲರ್‌ಗೆ ಏರಿಸಿತು. ಪ್ರವಾಸೋದ್ಯಮದ ಆದಾಯದಲ್ಲಿ ಸುತ್ತಲಿನ ಸಮುದಾಯಗಳ ಪಾಲನ್ನು ಶೇ 5ರಿಂದ ಶೇ 10ಕ್ಕೆ ಹೆಚ್ಚಿಸಿತು. ಈ ಹಣವಿಲ್ಲದಿದ್ದರೆ ಕಾಡು ಹೊಲವಾಗುತ್ತಿತ್ತು. ಆದರೆ ಹಣವೊಂದೇ ಕಾರಣವಲ್ಲ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಮನುಷ್ಯರಿಗೆ ಒಗ್ಗಿಸಿ ದಿನವೂ ಕಾವಲಿಟ್ಟು, ಗಾಯವಾದರೆ ಪಶುವೈದ್ಯರು ಚಿಕಿತ್ಸೆ ನೀಡಿದ ಮಂದೆಗಳು ವರ್ಷಕ್ಕೆ ಶೇ 4ರಷ್ಟು ಬೆಳೆದವು. ಆ ಆರೈಕೆ ಇಲ್ಲದ ಮಂದೆಗಳು ಕುಗ್ಗುತ್ತಾ ಹೋದವು. ಒಗ್ಗಿಸುವ ವಿದ್ಯೆ ಫಾಸಿಯವರು ಕೊಟ್ಟದ್ದು. ನಿತ್ಯದ ಕಾವಲು ಅವರು ಆರಂಭಿಸಿದ್ದು. ಅವರ ಕೋರಿಕೆಯ ಫಲವಾಗಿ ಪಶುವೈದ್ಯರ ಕೇಂದ್ರ ಶುರುವಾದದ್ದು 1986ರಲ್ಲಿ, ಅವರು ಇಲ್ಲವಾದ ಮೇಲೆ. ಅವರು ದ್ವೇಷಿಸಿದ ಪ್ರವಾಸೋದ್ಯಮ ನಿಂತಿರುವುದೂ ಅವರ ತಾಳ್ಮೆ ಗಳಿಸಿಕೊಟ್ಟ ಬಂಡವಾಳದ ಮೇಲೆಯೇ.

ಇನ್ನೊಂದು ಸಾಲವನ್ನೂ ನೆನೆಯಬೇಕು. ಬೇಟೆಯ ಜಾಡು ಬಲ್ಲ ಸ್ಥಳೀಯರು ಸಂಬಳದ ಕಾವಲುಗಾರರಾಗಿ, ಯುದ್ಧಕಾಲದಲ್ಲೂ ಬೆಟ್ಟ ಹತ್ತಿದರು. ಗಡಿಯಾಚೆಯ ಕಾಂಗೊದ ವಿರುಂಗಾ ಉದ್ಯಾನದಲ್ಲಿ 200ಕ್ಕೂ ಹೆಚ್ಚು ಅರಣ್ಯ ರಕ್ಷಕರು ಕರ್ತವ್ಯದಲ್ಲಿ ಪ್ರಾಣ ತೆತ್ತಿದ್ದಾರೆ. 2014ರ ‘ವಿರುಂಗಾ’ ಸಾಕ್ಷ್ಯಚಿತ್ರದಲ್ಲಿ ಅನಾಥ ಗೊರಿಲ್ಲಾಗಳನ್ನು ಸಾಕುವ ಆಂದ್ರೆ ಬೌಮಾ ಆ ನೆಲದವರೇ. ಫಾಸಿಯವರ ಕಾಲದ ಚಿತ್ರಗಳಲ್ಲಿ ಇಂಥವರು ಹೊರೆ ಹೊರುವವರಾಗಿ ಅಂಚಿನಲ್ಲಿದ್ದರು. ಈಗ ನಡುವಿಗೆ ಬಂದಿದ್ದಾರೆ. ಮುದುಮಲೆಯ ದಂಪತಿಯ ಚಿತ್ರವೂ ಈ ಬದಲಾವಣೆಯ ಭಾಗವೇ.

ಫಾಸಿಯವರ ಮಮತೆ ಇಲ್ಲದಿದ್ದರೆ ಜಗತ್ತು ಆ ಬೆಟ್ಟದತ್ತ ತಿರುಗಿ ನೋಡುತ್ತಿರಲಿಲ್ಲ. ಅವರ ರೋಷವೊಂದನ್ನೇ ನಂಬಿದ್ದರೆ ಬೆಟ್ಟದ ಬುಡದ ಜನ ಎಂದೂ ಅದರ ಕಾವಲಿಗೆ ನಿಲ್ಲುತ್ತಿರಲಿಲ್ಲ. ಆದರೂ ಕಾಡು ಕಳೆದುಕೊಂಡ ಬಟ್ವಾ ಜನರ ಬಾಕಿ ಇನ್ನೂ ತೀರಿಲ್ಲ. ಇಂದು ಪ್ರವಾಸಿಗರು ಶುಲ್ಕ ತೆತ್ತು, ಕೆಸರಿನ ಹಾದಿ ಹತ್ತಿ ಫಾಸಿಯವರ ಸಮಾಧಿಯನ್ನು ನೋಡಿ ಬರುತ್ತಾರೆ. ಅವರು ಒಪ್ಪುತ್ತಿದ್ದರೋ ಇಲ್ಲವೋ, ಆ ಶುಲ್ಕವೂ ಅವರ ಗೊರಿಲ್ಲಾಗಳ ಕಾವಲಿಗೆ ನೆರವಾಗುತ್ತಿದೆ.