ಯಾರೂ ಹತ್ತದ ಕನಸಿನ ರೈಲು

ಬೋಗಿಯೊಳಗೆ ಮೀನಿನ ತೊಟ್ಟಿ. ಮಕ್ಕಳಿಗೆ ಆಟದ ಕೋಣೆ, ಪುಟ್ಟದೊಂದು ಚಿತ್ರಮಂದಿರ. ಮೇಲೆ ಗಾಜಿನ ಗುಮ್ಮಟ. ಅಲ್ಲಿ ಕುಳಿತರೆ ಬೆಟ್ಟ, ಕಣಿವೆ, ನದಿ ಎಲ್ಲವೂ ಕಣ್ಮುಂದೆ. ಇದು ಇಂದಿನ ಪ್ರವಾಸಿ ರೈಲಿನ ಜಾಹೀರಾತಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ ತಯಾರಾದ ‘ಚೆಸ್ಸಿ’ ಎಂಬ ಐಷಾರಾಮಿ ರೈಲಿನ ವರ್ಣನೆ. ಬೋಗಿಗಳು ಸಿದ್ಧವಾದವು, ಎಂಜಿನ್‌ಗಳೂ ಬಂದವು. ಆದರೆ ಆ ರೈಲು ಒಂದು ದಿನವೂ ಪ್ರಯಾಣಿಕರನ್ನು ಹೊತ್ತು ಓಡಲಿಲ್ಲ. ಅದರ ಕನಸು ಕಂಡವನು ರಾಬರ್ಟ್ ಆರ್. ಯಂಗ್.

ಯಂಗ್ ಹುಟ್ಟಿದ್ದು 1897ರಲ್ಲಿ, ಟೆಕ್ಸಾಸ್ ರಾಜ್ಯದ ಕೆನೇಡಿಯನ್ ಎಂಬ ಸಣ್ಣ ಊರಿನಲ್ಲಿ. ವರ್ಜೀನಿಯಾ ವಿಶ್ವವಿದ್ಯಾಲಯ ಸೇರಿದರೂ ಪದವಿ ಮುಗಿಸಲಿಲ್ಲ. ಡುಪಾಂಟ್ ಕಂಪನಿಯ ಸಿಡಿಮದ್ದು ಕಾರ್ಖಾನೆಯಲ್ಲಿ ಕಾರ್ಮಿಕನಾಗಿ ದುಡಿಯಲು ಆರಂಭಿಸಿದ. ಲೆಕ್ಕದಲ್ಲಿ ಮಹಾ ಚುರುಕು. ಹಂತ ಹಂತವಾಗಿ ಮೇಲೇರಿ ಜನರಲ್ ಮೋಟಾರ್ಸ್ ಕಂಪನಿಯ ಹಣಕಾಸು ವಿಭಾಗ ತಲುಪಿದ.

1920ರ ದಶಕದ ಕೊನೆಯಲ್ಲಿ ಅಮೆರಿಕದ ಷೇರುಪೇಟೆ ದಿನದಿಂದ ದಿನಕ್ಕೆ ಏರುತ್ತಿತ್ತು. ಸಾಲ ಮಾಡಿ ಷೇರು ಕೊಳ್ಳುವವರ ಸಾಲು ಬೆಳೆಯುತ್ತಿತ್ತು. ಯಂಗ್‌ಗೆ ಮಾತ್ರ ಈ ಏರಿಕೆಯ ಮೇಲೆ ನಂಬಿಕೆ ಬರಲಿಲ್ಲ. ಬೆಲೆ ಬೀಳುತ್ತದೆ ಎಂದೇ ಹಣ ಹೂಡಿದ. 1929ರಲ್ಲಿ ಪೇಟೆ ಕುಸಿದಾಗ ಲಕ್ಷಾಂತರ ಮಂದಿ ಬೀದಿಗೆ ಬಿದ್ದರು, ಆತ ಶ್ರೀಮಂತನಾದ. ಆ ಹಣ ಮತ್ತು ಹೆಸರಿನ ಬಲದಿಂದ 1937ರಲ್ಲಿ ಪಾಲುದಾರರೊಂದಿಗೆ ಅಲೆಘನಿ ಕಾರ್ಪೊರೇಷನ್ ಅನ್ನು ಹಿಡಿತಕ್ಕೆ ತೆಗೆದುಕೊಂಡ. ಅದರ ಜೊತೆಗೆ ಚೆಸಪೀಕ್ ಅಂಡ್ ಒಹಾಯೊ ರೈಲ್ವೆಯೂ ಕೈಗೆ ಬಂತು.

ಕಲ್ಲಿದ್ದಲು ಸಾಗಿಸಿ ಲಾಭ ಮಾಡುತ್ತಿದ್ದ ಕಂಪನಿಯದು. ಯಂಗ್‌ನ ಗಮನವೋ ಪ್ರಯಾಣಿಕರ ಮೇಲೆ. ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಹೋಗುವವರು ಆಗ ಷಿಕಾಗೊದಲ್ಲಿ ಇಳಿದು ಬೇರೆ ರೈಲು ಹಿಡಿಯಬೇಕಿತ್ತು. ಹಂದಿಗಿರುವ ಸೌಕರ್ಯ ಮನುಷ್ಯನಿಗಿಲ್ಲ, ಅದಾದರೂ ರೈಲು ಬದಲಿಸದೆ ದೇಶ ದಾಟುತ್ತದೆ ಎಂದು ಆತ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು ಇಡೀ ರೈಲ್ವೆ ಉದ್ಯಮವನ್ನು ಕೆಣಕಿದ. 1946ರಲ್ಲಿ ನೇರ ಪ್ರಯಾಣದ ಬೋಗಿಗಳು ಓಡತೊಡಗಿದವು. ಜನ ಯಂಗ್‌ನನ್ನು ತಮ್ಮವನೆಂದುಕೊಂಡರು.

ಅದೇ ಹುರುಪಿನಲ್ಲಿ ಹುಟ್ಟಿದ್ದು ಚೆಸ್ಸಿ. ಕಂಪನಿಯ ಜಾಹೀರಾತಿನಲ್ಲಿ ಮಲಗಿದ್ದ ಬೆಕ್ಕಿನ ಮರಿಯ ಹೆಸರನ್ನೇ ರೈಲಿಗೂ ಇಡಲಾಯಿತು. ವಾಷಿಂಗ್ಟನ್‌ನಿಂದ ಸಿನ್ಸಿನಾಟಿಗೆ ಸುಮಾರು 600 ಮೈಲಿ, ಹಗಲಿನ ಪ್ರಯಾಣ. ಬೇರೆ ಕಂಪನಿಗಳು ಡೀಸೆಲ್‌ಗೆ ಹೊರಳುತ್ತಿದ್ದರೂ ಕಲ್ಲಿದ್ದಲನ್ನೇ ನಂಬಿದ್ದ ಈ ಕಂಪನಿ ಮೂರು ದೈತ್ಯ ಎಂಜಿನ್‌ ಮಾಡಿಸಿತು. ಕಲ್ಲಿದ್ದಲಿನಿಂದ ಹಬೆ, ಹಬೆಯಿಂದ ಟರ್ಬೈನ್, ಟರ್ಬೈನ್‌ನಿಂದ ವಿದ್ಯುತ್, ವಿದ್ಯುತ್ತಿನಿಂದ ಚಕ್ರ ತಿರುಗಬೇಕು. ಕಲ್ಲಿದ್ದಲಿನ ಧೂಳು, ನೀರು ಮೋಟಾರುಗಳಿಗೆ ಸೇರಿ ಎಂಜಿನ್‌ಗಳು ಮತ್ತೆ ಮತ್ತೆ ಕೆಡುತ್ತಿದ್ದವು. ಇತ್ತ 1947ರ ಜನವರಿಯಲ್ಲಿ ಪ್ರತಿಸ್ಪರ್ಧಿ ಬಾಲ್ಟಿಮೋರ್ ಅಂಡ್ ಒಹಾಯೊ ಕಂಪನಿ ಸಿನ್ಸಿನಾಟಿಗೆ ತನ್ನ ಹೊಸ ರೈಲನ್ನು ಓಡಿಸಿಯೇಬಿಟ್ಟಿತು.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ರೈಲುಗಳು ಕಿಕ್ಕಿರಿದಿದ್ದವು. ಸೈನಿಕರು ಅವುಗಳಲ್ಲೇ ಓಡಾಡುತ್ತಿದ್ದರು, ಪೆಟ್ರೋಲ್‌ಗೆ ಪಡಿತರವಿದ್ದುದರಿಂದ ಜನರ ಕಾರುಗಳು ಮನೆಯಲ್ಲೇ ನಿಂತಿದ್ದವು. ಯುದ್ಧ ಮುಗಿಯಿತು, ಪೆಟ್ರೋಲ್ ಸಿಕ್ಕಿತು, ಜನ ಕಾರು ಹತ್ತಿದರು. ವಿಮಾನಗಳೂ ಬಂದವು. 1948ರಲ್ಲಿ ಬೋಗಿಗಳು ಬರುವ ವೇಳೆಗೆ ಪ್ರಯಾಣಿಕರು ಕರಗಿದ್ದರು. ರೈಲು ಆರಂಭವಾಗುವ ಮೊದಲೇ ರದ್ದಾಯಿತು. ಎಂಜಿನ್‌ಗಳು 1950ರಲ್ಲಿ ಗುಜರಿಗೆ ಹೋದವು.

1929ರಲ್ಲಿ ಪೇಟೆಯ ಗದ್ದಲವನ್ನು ಅನುಮಾನಿಸಿದ ಅದೇ ಯಂಗ್, 1946ರಲ್ಲಿ ರೈಲಿನ ಜನಜಂಗುಳಿಯನ್ನು ಅನುಮಾನಿಸಲಿಲ್ಲ. ಷೇರು ಆತನಿಗೆ ಬರೀ ಲೆಕ್ಕ, ರೈಲು ಪ್ರೀತಿ. ಪ್ರೀತಿಸುವ ವಿಷಯದಲ್ಲಿ ಲೆಕ್ಕ ಹಾಕುವುದು ಎಷ್ಟು ಕಷ್ಟ ನೋಡಿ!

ಆತ ಅಲ್ಲಿಗೇ ನಿಲ್ಲಲಿಲ್ಲ. 1954ರಲ್ಲಿ ಸಣ್ಣ ಷೇರುದಾರರ ಮತ ಗೆದ್ದು, ದೇಶದ ದೊಡ್ಡ ರೈಲು ಕಂಪನಿಗಳಲ್ಲೊಂದಾದ ನ್ಯೂಯಾರ್ಕ್ ಸೆಂಟ್ರಲ್‌ನ ಅಧ್ಯಕ್ಷನಾದ. ಒಳ್ಳೆಯ ಲಾಭಾಂಶದ ಭರವಸೆ ಕೊಟ್ಟಿದ್ದ. ಆದರೆ ಷೇರು ಬೆಲೆ ಕುಸಿಯಿತು. 1958ರ ಜನವರಿಯಲ್ಲಿ ಲಾಭಾಂಶವನ್ನೇ ನಿಲ್ಲಿಸಬೇಕಾಯಿತು. ಅದೇ ತಿಂಗಳ 25ರಂದು, 60ನೇ ವಯಸ್ಸಿನಲ್ಲಿ, ಯಂಗ್ ತನ್ನ ಬದುಕನ್ನು ತಾನೇ ಕೊನೆಗೊಳಿಸಿಕೊಂಡ. ಆತನ ಮನಸ್ಸಿನಲ್ಲಿ ಏನಿತ್ತೋ, ಒಂದೇ ಕಾರಣ ಹೇಳುವುದು ಸರಿಯಲ್ಲ. ಮಗಳೊಬ್ಬಳನ್ನು ವಿಮಾನ ಅಪಘಾತದಲ್ಲಿ ಕಳೆದುಕೊಂಡ ತಂದೆಯೂ ಆತನಾಗಿದ್ದ.

ಗೆಳೆಯರೇ, ನಾವೂ ತುಂಬಿದ ರೈಲು ನೋಡಿ ಓಡುವವರೇ. ಎಲ್ಲರೂ ಸೇರಿದ ಕೋರ್ಸ್, ಎಲ್ಲರೂ ಬರೆಯುವ ಪರೀಕ್ಷೆ. ಹತ್ತುವ ಮುನ್ನ ಅದು ಏಕೆ ತುಂಬಿದೆ, ನಾಲ್ಕು ವರ್ಷದ ನಂತರವೂ ತುಂಬಿರುತ್ತದೆಯೇ ಎಂದು ಕೇಳಿಕೊಳ್ಳೋಣ. ಇನ್ನೊಂದು ಮಾತು. ಚೆಸ್ಸಿಯ ಗಾಜಿನ ಗುಮ್ಮಟದ ಬೋಗಿಗಳು ಗುಜರಿ ಸೇರಲಿಲ್ಲ. ಬೇರೆ ರೈಲ್ವೆಗಳು ಅವನ್ನು ಕೊಂಡವು, ಬೇರೆ ಹಳಿಗಳ ಮೇಲೆ ಅವು ವರ್ಷಗಟ್ಟಲೆ ಓಡಿದವು. ಒಂದು ಫಲಿತಾಂಶ ಕೈಕೊಟ್ಟ ದಿನ ಮನೆಯವರೊಂದಿಗೋ ಗೆಳೆಯರೊಂದಿಗೋ ಬಾಯ್ಬಿಟ್ಟು ಮಾತಾಡಿ. ಆ ಬೋಗಿಗಳನ್ನೂ ನೆನೆಯಿರಿ. ಯೋಜನೆ ರದ್ದಾಗಬಹುದು, ಅದಕ್ಕಾಗಿ ಕಲಿತದ್ದು ರದ್ದಾಗುವುದಿಲ್ಲ.